"ರಂಗೋಲಿ ತುಳಿಬಾರ್ದು ಕಣೋ"

ಅಮ್ಮ ಫ್ರಾನ್ಸಿನ ನೀಸ್‌ಗೆ ಬಂದು ಹತ್ತು ದಿನವಾಗಿತ್ತು. ಸಮುದ್ರ ನೋಡಿ ನೋಡಿ ಸಾಕಾಗಿ, "ಇಲ್ಲಿ ಬೆಟ್ಟ ಗಿಟ್ಟ ಏನೂ ಇಲ್ವೇನೋ?" ಅಂದಳು. ಶನಿವಾರ ಮೊಸರನ್ನದ ಡಬ್ಬಿ ಕಟ್ಟಿಕೊಂಡು ಸಾಂ-ಪೋಲ್-ದ-ವಾನ್ಸ್ ಅನ್ನೋ ಗುಡ್ಡದ ಊರಿಗೆ ಬಸ್ ಹತ್ತಿದೆವು.

ಊರಿನ ಹೊರಗೆ, ಪೈನ್ ಮರಗಳ ನಡುವೆ ಮಾಗ್ ಫೌಂಡೇಶನ್ ಅನ್ನೋ ಆಧುನಿಕ ಕಲೆಯ ಮ್ಯೂಸಿಯಂ ಇದೆ. ಮೊದಲು ಅಲ್ಲಿಗೇ ಹೋದೆವು. ಶುರುವಾಗಿದ್ದು 1964ರಲ್ಲಿ. ಕಟ್ಟಡದ ನೆತ್ತಿ ಮೇಲೆ ದೊಡ್ಡ ಬಿಳಿ ಬೋಗುಣಿಗಳಂಥವು ಎರಡಿವೆ, ಮಳೆನೀರು ಹಿಡಿದು ಕೆಳಗಿನ ಕೊಳಗಳಿಗೆ ಬಿಡೋಕಂತೆ. "ನಮ್ಮಜ್ಜಿ ತೊಟ್ಟಿ ಮನೆಯಲ್ಲೂ ಸೂರಿನ ನೀರು ಹೀಗೇ ಹಿಡೀತಿದ್ವಿ, ಟಿಕೆಟ್ ಇರಲಿಲ್ಲ ಅಷ್ಟೇ" ಅಂದಳು ಅಮ್ಮ.

ಅಂಗಳದಲ್ಲಿ ಶಿಲ್ಪಿ ಜಿಯಾಕೊಮೆಟ್ಟಿಯ ಕಂಚಿನ ಮನುಷ್ಯರು, ಉದ್ದಕ್ಕೆ, ಕಡ್ಡಿಯ ಹಾಗೆ. ನಾನು ಗಂಭೀರವಾಗಿ ವಿವರಿಸೋಕೆ ಹೊರಟರೆ ಅಮ್ಮ, "ಪಾಪ, ಇವರಿಗೆ ಹೊಟ್ಟೆ ತುಂಬ ಬಡಿಸೋರು ಯಾರೂ ಇರಲಿಲ್ವಾ?" ನಿಜ ಹೇಳಬೇಕಂದ್ರೆ ನನ್ನ ವಿವರಣೆಗಿಂತ ಅದೇ ವಾಸಿ. ಕಲಾವಿದ ಮಿರೋ ಮಾಡಿದ ಚಕ್ರವ್ಯೂಹದಂಥ ತೋಟವನ್ನು ಬಿಸಿಲಿಗೆ ಬೇಗ ಬೇಗ ಸುತ್ತಿದೆವು.

ಅಮ್ಮ ನಿಂತಿದ್ದು ಪಕ್ಕದ ಚಾಪೆಲ್‌ನಲ್ಲಿ, ಅಂದ್ರೆ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ. ಕಿಟಕಿಯ ಬಣ್ಣದ ಗಾಜಲ್ಲಿ ಚಿತ್ರಕಾರ ಬ್ರಾಕ್ ಬಿಡಿಸಿದ ಬಿಳಿ ಹಕ್ಕಿ. ಈ ಮ್ಯೂಸಿಯಂ ಕಟ್ಟಿಸಿದ ಎಮೆ, ಮಾರ್ಗರೀತ್ ದಂಪತಿಯ ಕಿರಿಯ ಮಗ ಬರ್ನಾರ್ 1953ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ, ಆಗ ಅವನಿಗೆ 11 ವರ್ಷ, ಚಾಪೆಲ್ ಇರೋದು ಅವನ ನೆನಪಿಗೆ ಅಂತ ಹೇಳಿದೆ. "ಹನ್ನೊಂದಾ?" ಅಂದವಳು ಮತ್ತೆ ಮಾತಾಡಲಿಲ್ಲ. ಅರ್ಧ ಗಂಟೆ ಸುಮ್ನೆ ಕೂತಿದ್ದಳು. ಒಳಗೆ ನೋಡದ ಚಿತ್ರಗಳು ಇನ್ನೂ ಎಷ್ಟೋ ಇದ್ದವು, ನಾನೂ ಎಬ್ಬಿಸಲಿಲ್ಲ.

ಆಮೇಲೆ ಊರೊಳಗೆ. ಗುಡ್ಡದ ಮೇಲೆ 16ನೇ ಶತಮಾನದ ಕೋಟೆಗೋಡೆ, ಅದರೊಳಗೆ ಒತ್ತೊತ್ತಾಗಿ ಕೂತ ಕಲ್ಲಿನ ಮನೆಗಳು. ದೊಡ್ಡ ಬೀದಿ ಅಂತ ಹೆಸರು, ಅಗಲ ನಮ್ಮೂರ ಸಂದಿಯಷ್ಟೇ. ನೆಲದಲ್ಲಿ ಉರುಟು ಕಲ್ಲುಗಳನ್ನು ಹೂವಿನ ಆಕಾರಕ್ಕೆ ಕೂರಿಸಿದ್ದಾರೆ. ಅಮ್ಮ ಮಂಡಿನೋವಲ್ಲೂ ಒಂದೊಂದು ಹೂವನ್ನೂ ಬಳಸಿಕೊಂಡೇ ನಡೆದಳು, "ರಂಗೋಲಿ ತುಳಿಬಾರ್ದು ಕಣೋ" ಅಂತ ನನ್ನನ್ನೂ ಎಳೆದಳು. ಹಿಂದೆ ಬರುತ್ತಿದ್ದ ಇಬ್ಬರು ಪ್ರವಾಸಿಗರು ಏನು ತಿಳಿದುಕೊಂಡರೋ, ಅವರೂ ಬಳಸಿಕೊಂಡೇ ಬಂದರು!

ಬೀದಿ ಮುಗಿಯುವಲ್ಲಿ ಸ್ಮಶಾನ. 1985ರಲ್ಲಿ ತೀರಿಕೊಂಡ ಚಿತ್ರಕಾರ ಷಗಾಲ್ ಸಮಾಧಿ ಅಲ್ಲಿದೆ, ಏನೇನೂ ಆಡಂಬರವಿಲ್ಲ. ಮೇಲೆ ಜನ ಇಟ್ಟುಹೋದ ಪುಟ್ಟ ಕಲ್ಲುಗಳು. ಯಹೂದಿಗಳಲ್ಲಿ ಹೂವಿನ ಬದಲು ಕಲ್ಲಿಡೋ ಪದ್ಧತಿ ಅಂದೆ. ಅಮ್ಮ ಹುಡುಕಿ ಎರಡು ಕಲ್ಲು ತಂದು ಇಟ್ಟಳು.

"ಎರಡ್ಯಾಕೆ?"

"ಒಂದು ಆ ಹುಡುಗಂಗೆ."

ಕೋಟೆಗೋಡೆ ಹತ್ತಿರ ಕೂತು ಡಬ್ಬಿ ತೆಗೆದರೆ ಮೊಸರನ್ನ ಹುಳಿಯಾಗಿತ್ತು. ತಿಂದೆವು.