ನಿಂತ ಕಾರಿನ ಖರ್ಚು: ಎಸ್ಟೇಟ್ ರೈಟರ್ ಒಬ್ಬನ ಲೆಕ್ಕ

ಚಿಕ್ಕಮಗಳೂರು ಪೇಟೆಗೆ ಹೋದಾಗ ಪರಿಚಯದವರು ಯಾರೇ ಸಿಕ್ಕಿದರೂ ಒಂದೇ ಪ್ರಶ್ನೆ. "ರೈಟ್ರೇ, ಸಾಹುಕಾರ್ರ ಮನೆ ಲ್ಯಾಂಬೋರ್ಗಿನಿ ಮೈಲೇಜ್ ಎಷ್ಟು ಕೊಡುತ್ತೆ?" ನಾಲ್ಕೋ ಐದೋ ಅನ್ನುತ್ತೇನೆ. ಅಯ್ಯೋ ಅಂತ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಆದರೆ ನನ್ನ ಪುಸ್ತಕದಲ್ಲಿ ಆ ಕಾರಿನ ಅತಿ ಚಿಕ್ಕ ಖರ್ಚುಗಳಲ್ಲಿ ಪೆಟ್ರೋಲೂ ಒಂದು.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ) ಬರೆಯೋದು, ವಾರದ ಬಟವಾಡೆ, ಗೊಬ್ಬರ, ಡೀಸೆಲ್, ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಗೆ) ಹೋದ ಮೂಟೆಗಳ ಲೆಕ್ಕ, ಇದೇ ಕೆಲಸ. ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣ ಬೀಜ) 50 ಕೆ.ಜಿ. ಮೂಟೆ 25,000 ರೂಪಾಯಿ ದಾಟಿದ ಕಾಲದಲ್ಲಿ ಸಣ್ಣ ಸಾಹುಕಾರ್ರು ಸೆಕೆಂಡ್ ಹ್ಯಾಂಡ್ ಲ್ಯಾಂಬೋರ್ಗಿನಿ ಹುರಾಕಾನ್ ಒಂದನ್ನು ತಂದರು. ಹತ್ತು ಸಿಲಿಂಡರ್, 5.2 ಲೀಟರ್ ಇಂಜಿನ್. ಅವತ್ತಿಂದ ಅದರ ಬಿಲ್ಲುಗಳೂ ನನ್ನ ಟೇಬಲ್ಲಿಗೇ ಬರುತ್ತವೆ. ಸೂಪರ್‌ಕಾರ್ ತಗೋಬೇಕು ಅನ್ನೋ ಯೋಚನೆ ಇರುವವರು, ಅಥವಾ ಅಂಥ ಮಾಲೀಕರ ಹತ್ತಿರ ಲೆಕ್ಕ ಬರೆಯುವವರು ಇದನ್ನು ಓದುತ್ತಿದ್ದರೆ ನಿಮಗೆ ಉಪಯೋಗ ಆಗಬಹುದು.

ಮೊದಲು ಮಾಡಿದ್ದು, ಅದಕ್ಕೆ ಲೆಡ್ಜರಿನಲ್ಲಿ ಬೇರೆ ಪುಟ ಹಾಕಿದ್ದು. ಜೀಪು, ಪಿಕಪ್, ಟ್ರ್ಯಾಕ್ಟರ್ ಎಲ್ಲಾ 'ವಾಹನ ಖರ್ಚು' ಅಂತ ಒಟ್ಟಿಗೆ ಹೋಗುತ್ತವೆ. ಇದನ್ನೂ ಅಲ್ಲೇ ಸೇರಿಸಿಬಿಟ್ಟರೆ ವರ್ಷದ ಕೊನೆಗೆ ಟ್ರ್ಯಾಕ್ಟರ್ ಯಾಕ್ರೀ ಇಷ್ಟು ತಿಂದಿದೆ ಅಂತ ಆಡಿಟರ್ ಕೇಳುತ್ತಾರೆ. ಆ ಪುಟದಲ್ಲಿ ಎರಡು ಕಾಲಂ ಮಾಡಿದೆ. ಒಂದು, ಓಡಿದರೆ ಮಾತ್ರ ಆಗುವ ಖರ್ಚು. ಇನ್ನೊಂದು, ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ಆಗುವ ಖರ್ಚು. ಜೀಪಿಗೆ ಮೊದಲನೇ ಕಾಲಂ ತುಂಬುತ್ತದೆ. ಈ ಕಾರಿಗೆ ಎರಡನೆಯದು.

ವರ್ಷಕ್ಕೆ 2,000 ಕಿ.ಮೀ. ಓಡಿತು ಅಂತ ಇಟ್ಟುಕೊಳ್ಳಿ. ಲೀಟರಿಗೆ 4 ಕಿ.ಮೀ. ಹಿಡಿದರೂ 500 ಲೀಟರ್. ಪೆಟ್ರೋಲ್ ನೂರು ರೂಪಾಯಿ ಚಿಲ್ಲರೆ ಇದೆ, ಒಟ್ಟು ಐವತ್ತು ಸಾವಿರದ ಆಸುಪಾಸು. ಹೆಚ್ಚು ಆಕ್ಟೇನ್ ಇರೋದೇ ಬೇಕು ಅಂದರೆ ಇನ್ನೊಂದಿಷ್ಟು ಸೇರಿಸಿ. ನಮ್ಮ ಪಿಕಪ್ ಇದಕ್ಕಿಂತ ಜಾಸ್ತಿ ಡೀಸೆಲ್ ಕುಡಿಯುತ್ತದೆ.

ಈಗ ಎರಡನೇ ಕಾಲಂ. ಕಾರಿಗೆ ಎರಡೂವರೆ ಕೋಟಿ ಕೊಟ್ಟರು ಅಂತ ಲೆಕ್ಕಕ್ಕೆ ಹಿಡಿಯೋಣ, ನಿಜವಾದ ಅಂಕಿ ಬರೆದರೆ ನನ್ನ ಕೆಲಸ ಹೋಗುತ್ತದೆ. ಆ ದುಡ್ಡು ಶೇ 7ರ ಠೇವಣಿಯಲ್ಲಿ ಇದ್ದಿದ್ದರೆ ವರ್ಷಕ್ಕೆ 17.5 ಲಕ್ಷ ಬಡ್ಡಿ ಬರುತ್ತಿತ್ತು. ಮೂಟೆ ಲೆಕ್ಕದಲ್ಲಿ 70 ಮೂಟೆ ಪಾರ್ಚ್‌ಮೆಂಟ್. ಇದಕ್ಕೆ ಯಾರೂ ಬಿಲ್ ಕೊಡಲ್ಲ, ಹಾಗಾಗಿ ಯಾರೂ ಬರೆಯಲ್ಲ. ನಾನು ಪ್ರತಿ ತಿಂಗಳು ಪೆನ್ಸಿಲಿನಲ್ಲಿ 1,45,833 ಅಂತ ಬರೆಯುತ್ತೇನೆ. "ಇದೆಲ್ಲಿ ಖರ್ಚು ರೈಟ್ರೇ, ದುಡ್ಡು ಕೈಯಿಂದ ಹೋಗಿಲ್ಲ ಅಲ್ವಾ?" ಅಂದರು ಸಣ್ಣ ಸಾಹುಕಾರ್ರು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ದೊಡ್ಡವರು ತಲೆ ಎತ್ತದೆ "ಬರೀಲಿ ಬಿಡೋ" ಅಂದರು. ಅಲ್ಲಿಗೆ ಮುಗಿಯಿತು.

ಇನ್ನು ವಿಮೆ. ಇಲ್ಲೊಂದು ತಮಾಷೆ ಇದೆ. 1500 ಸಿಸಿ ಮೇಲಿನ ಯಾವ ಖಾಸಗಿ ಕಾರಿಗಾದರೂ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ) ಪ್ರೀಮಿಯಂ ಒಂದೇ. 2022ರಲ್ಲಿ ನಿಗದಿ ಮಾಡಿದ ದರ ವರ್ಷಕ್ಕೆ 7,897 ರೂಪಾಯಿ. ಇನ್ನೋವಾಕ್ಕೂ ಅಷ್ಟೇ, ಲ್ಯಾಂಬೋರ್ಗಿನಿಗೂ ಅಷ್ಟೇ. ಹೊಡೆತ ಇರೋದು ಸ್ವಂತ ಕಾರಿನ ಹಾನಿಯ ಭಾಗದಲ್ಲಿ. ಐಡಿವಿ (ವಿಮೆಯವರು ಕಾರಿಗೆ ಕಟ್ಟುವ ಬೆಲೆ) ಎರಡೂವರೆ ಕೋಟಿ, ರಿಯಾಯಿತಿ ಎಲ್ಲಾ ಕಳೆದು ಶೇ 1.5 ಅಂತ ಹಿಡಿದರೂ 3.75 ಲಕ್ಷ, ಅದರ ಮೇಲೆ ಶೇ 18 ಜಿಎಸ್‌ಟಿ, ಹತ್ತಿರ ಹತ್ತಿರ 4.4 ಲಕ್ಷ. ಸೆಕೆಂಡ್ ಹ್ಯಾಂಡ್ ತಗೊಂಡವರು ಒಂದು ತಿಳಿದಿರಬೇಕು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಮಾಲೀಕರದ್ದು, ಕಾರಿನದ್ದಲ್ಲ. ಮಾರಿದವರಿಗೆ ಶೇ 50 ರಿಯಾಯಿತಿ ಇತ್ತು ಅಂತ ದಲ್ಲಾಳಿ ತೋರಿಸುವ ಹಳೇ ಪಾಲಿಸಿ ನಿಮಗೆ ಪ್ರಯೋಜನ ಇಲ್ಲ, ನೀವು ನಿಮ್ಮದನ್ನು ಮೊದಲಿಂದ ಕಟ್ಟಬೇಕು. ಶೇ 20, 25, 35, 45, 50, ಹೀಗೆ ಐದು ವರ್ಷ ಬೇಕು. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಶೇ 50 ತಲುಪಿದ ಮೇಲೆ ವರ್ಷಕ್ಕೆ ಸುಮಾರು 1.9 ಲಕ್ಷ ಉಳಿಯುತ್ತಿರುತ್ತದೆ. ಹಾಗಾಗಿ ಬಂಪರ್ ಗೀರಿತು ಅಂತ ಒಂದು ಲಕ್ಷಕ್ಕೆ ಕ್ಲೇಮ್ ಹಾಕುವುದು ಲೆಕ್ಕಕ್ಕೆ ಬರುವುದಿಲ್ಲ. ಕೈಯಿಂದಲೇ ಕೊಡಬೇಕು. ಝೀರೋ ಡೆಪ್ (ಬಿಡಿಭಾಗ ಹಳೇದು ಅಂತ ದುಡ್ಡು ಕಡಿತ ಮಾಡದ ಕವರ್) ಇಲ್ಲದಿದ್ದರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ದುಡ್ಡು ನಿಮ್ಮದೇ, ಫೈಬರ್‌ಗೆ ಶೇ 30. ಹಳೇ ಕಾರಿಗೆ ಆ ಕವರ್ ಸಿಗೋದೂ ಕಷ್ಟ. ನೀರು ನುಗ್ಗಿ ಇಂಜಿನ್ ಹೋದರೆ ಅದಕ್ಕೆ ಬೇರೆಯೇ ಕವರ್ ಬೇಕು. ಮಲೆನಾಡಿನಲ್ಲಿದ್ದು ಅದನ್ನು ಬಿಡೋದು ಜಾಣತನ ಅಲ್ಲ.

ಬಡ್ಡಿ, ವಿಮೆ ಎರಡೇ ಸೇರಿ ವರ್ಷಕ್ಕೆ 21.9 ಲಕ್ಷ. 2,000 ಕಿ.ಮೀ.ಗೆ ಭಾಗಿಸಿದರೆ ಕಿಲೋಮೀಟರಿಗೆ 1,095 ರೂಪಾಯಿ. ಪೆಟ್ರೋಲ್ 25 ರೂಪಾಯಿ. ಹೊರಗಿನವರು ಆ ಇಪ್ಪತ್ತೈದಕ್ಕೆ ಬಾಯಿ ಬಿಡುತ್ತಿರುತ್ತಾರೆ.

ಸರ್ವಿಸ್ ಕೂಡ ಕ್ಯಾಲೆಂಡರ್ ನೋಡಿಯೇ ಬರುತ್ತದೆ. 15,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಮ್ಮಲ್ಲಿ ಯಾವಾಗಲೂ ವರ್ಷವೇ ಮೊದಲು. ಓಡದ ಇಂಜಿನ್ನಿನಿಂದ ಚೆನ್ನಾಗಿರುವ ಆಯಿಲ್ ತೆಗೆದು ಹೊಸದು ಹಾಕುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಸರ್ವಿಸ್ ಪುಸ್ತಕದಲ್ಲಿ ಒಂದು ಮೊಹರು ತಪ್ಪಿದರೂ ಮಾರುವಾಗ ಕೊಳ್ಳುವವರು ಅದನ್ನೇ ಹಿಡಿದು ಬೆಲೆ ಇಳಿಸುತ್ತಾರೆ. ಫೆರಾರಿಯವರು ಹೊಸ ಕಾರುಗಳಿಗೆ ಮೊದಲ ಏಳು ವರ್ಷದ ವಾರ್ಷಿಕ ಸರ್ವಿಸ್ ಕಾರಿನ ಜೊತೆಗೇ ಕೊಡುತ್ತಾರೆ, ಮಾರಿದರೂ ಅದು ಕಾರಿನ ಜೊತೆ ಹೋಗುತ್ತದೆ. ಹಾಗಂತ ಹಳೇ ಫೆರಾರಿ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ. 1990ರ ದಶಕದ ಎಫ್355ಗೆ ಟೈಮಿಂಗ್ ಬೆಲ್ಟ್ ಬದಲಿಸಬೇಕು ಅಂದರೆ ಇಂಜಿನ್ನನ್ನೇ ಕೆಳಗಿಳಿಸಬೇಕು, ಅದೂ ಕೆಲವು ವರ್ಷಕ್ಕೊಮ್ಮೆ.

ಸರ್ವಿಸ್ ಸೆಂಟರ್ ಇರೋದು ಬೆಂಗಳೂರಿನಲ್ಲಿ, ಇಲ್ಲಿಂದ ಹೆಚ್ಚುಕಡಿಮೆ 245 ಕಿ.ಮೀ. ಓಡಿಸಿಕೊಂಡು ಹೋಗಬಹುದು. ಕೆಟ್ಟು ನಿಂತರೆ ಮಾತ್ರ ಇಡೀ ಕಾರನ್ನು ಮೇಲೆ ಹತ್ತಿಸಿ ಒಯ್ಯುವ ಫ್ಲಾಟ್‌ಬೆಡ್ಡೇ ಬೇಕು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರು, ಮುಂದಿನ ಚಕ್ರ ಎತ್ತಿ ಎಳೆದುಕೊಂಡು ಹೋಗುವ ಹಾಗಿಲ್ಲ. ಮೂತಿ ತಗ್ಗು, ಫ್ಲಾಟ್‌ಬೆಡ್ಡಿನ ಇಳಿಜಾರಿಗೆ ತಾಗುತ್ತದೆ, ಹಲಗೆ ಇಟ್ಟು ಹತ್ತಿಸಬೇಕು. ಆ ಹಲಗೆಗಳು ನಮ್ಮ ಶೆಡ್ಡಿನಲ್ಲೇ ಇವೆ, ತೋಟದ ಸಿಲ್ವರ್ ಓಕ್ ಸೀಳಿಸಿದ್ದು. ಇಡೀ ಪುಟದಲ್ಲಿ ಬಿಟ್ಟಿ ಸಿಕ್ಕಿದ್ದು ಅದೊಂದೇ.

ಟೈರ್ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಿಂದಿನದು 305 ಮಿ.ಮೀ. ಅಗಲ, ಮುಂದಿನದು 245, ಎರಡೂ 20 ಇಂಚು ರಿಮ್ಮಿನವು. ಇಷ್ಟು ಕಡಿಮೆ ಓಡುವ ಕಾರಿನಲ್ಲಿ ಅವು ಸವೆದು ಹೋಗಲ್ಲ, ವಯಸ್ಸಾಗಿ ಹೋಗುತ್ತವೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ಗೆರೆ ಹೊಸದರ ಹಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಇರಲ್ಲ. ಐದಾರು ವರ್ಷ ಆದರೆ ಬದಲಿಸುವುದೇ ಸರಿ, ಅದೂ ನಾಲ್ಕೂ ಒಟ್ಟಿಗೆ. ಹಾಗಾಗಿ ಟೈರ್ ಖರ್ಚನ್ನೂ ನಾನು ಎರಡನೇ ಕಾಲಂಗೇ ಹಾಕಿದ್ದೇನೆ. ತಿಂಗಳಿಗಿಷ್ಟು ಅಂತ ಎತ್ತಿಡುತ್ತೇನೆ, ಬದಲಿಸುವ ವರ್ಷ ಒಮ್ಮೆಲೇ ಬಂದು ಬಡಿಯಲ್ಲ.

ಮಲೆನಾಡಿನ ಖರ್ಚು ಅಂತ ಒಂದು ಬೇರೆಯೇ ಇದೆ, ಯಾವ ಶೋರೂಮಿನವರೂ ಹೇಳಲ್ಲ. ತೋಟದ ಬಂಗಲೆವರೆಗೆ ಈ ಕಾರು ಬರೋದೇ ಇಲ್ಲ, ಮಣ್ಣಿನ ರಸ್ತೆ. ಪೇಟೆ ಮನೆಯಲ್ಲಿ ಇದಕ್ಕಂತ ಮುಚ್ಚಿದ ಶೆಡ್ ಕಟ್ಟಿಸಿದರು. ಜೂನ್ ಬಂದರೆ ಅಲ್ಲಿಂದ ಹೊರಗೆ ತೆಗೆಯುವುದಿಲ್ಲ. ಒಳಗೆ ಸೀಟಿನ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಗಾಳಿಯ ತೇವ ಹೀರುವ ಮೆಷಿನ್. ಕಾರು ಆಫ್ ಇದ್ದರೂ ಅಲಾರಂ, ಕಂಪ್ಯೂಟರ್ ಅಂತ ಬ್ಯಾಟರಿ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ, ಅದಕ್ಕೆ ಸದಾ ಸಿಕ್ಕಿಸಿಡುವ ಚಾರ್ಜರ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ದಿನಗಟ್ಟಲೆ ಹೋಗುತ್ತದೆ, ಆಗ ಚಾರ್ಜರಿಗೆ ಇನ್ವರ್ಟರ್. ಇನ್ವರ್ಟರಿಗೆ ಅದರದೇ ಬ್ಯಾಟರಿ, ಅದಕ್ಕೆ ಡಿಸ್ಟಿಲ್ಡ್ ವಾಟರ್. ಇಲಿ ಬಂದು ವೈರ್ ಕಡಿಯದ ಹಾಗೆ ಶೆಡ್ಡಿನ ಸುತ್ತ ಸಣ್ಣ ಕಣ್ಣಿನ ಜಾಲರಿ. ಒಂದೇ ಕಡೆ ನಿಂತು ಟೈರ್ ಚಪ್ಪಟೆ ಆಗದಂತೆ ಆಗಾಗ ಮುಂದೆ ಹಿಂದೆ ಸರಿಸಲು ಒಬ್ಬರು ಬರಬೇಕು. ಸಣ್ಣ ಸಣ್ಣ ಬಿಲ್ಲುಗಳು ಇವು. ಆದರೆ ಮಳೆಗಾಲದ ನಾಲ್ಕು ತಿಂಗಳು ಕಾರು ಸೊನ್ನೆ ಕಿಲೋಮೀಟರ್ ಓಡಿರುತ್ತದೆ, ಪುಟ ಮಾತ್ರ ತುಂಬಿರುತ್ತದೆ.

ರಸ್ತೆ ಹಂಪ್ ಬಗ್ಗೆಯೂ ಹೇಳಲೇಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಹಂಪ್ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಹಾಗಿದ್ದರೆ ಮೂತಿ ಎತ್ತುವ ಬಟನ್ ಒತ್ತಿ ನಿಧಾನಕ್ಕೆ ದಾಟಬಹುದು. ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಹಾಕುವ ಹಂಪ್‌ಗಳಿಗೆ ಯಾವ ಅಳತೆಯೂ ಇಲ್ಲ. ಬೇಲೂರು ಕಡೆ ಹೋಗುವಾಗ ಯಾವ ಹಂಪ್ ದಾಟುತ್ತದೆ, ಯಾವುದು ಇಲ್ಲ ಅಂತ ಸಣ್ಣ ಸಾಹುಕಾರ್ರಿಗೆ ಬಾಯಿಪಾಠ. ಮುಳ್ಳಯ್ಯನಗಿರಿಗೆ ಶನಿವಾರ, ಭಾನುವಾರ ಸಾಲುಗಟ್ಟಿ ನಿಲ್ಲುವ ಟ್ರಾಫಿಕ್ಕಿನಲ್ಲಿ ಏರಿನಲ್ಲಿ ತೆವಳಿಸುವುದು ಕ್ಲಚ್ಚಿಗೆ ವಿಷ. ಅದರಲ್ಲೂ ಕ್ಲಚ್ಚನ್ನು ಕಂಪ್ಯೂಟರೇ ಒತ್ತುವ ಹಳೇ ಲ್ಯಾಂಬೋರ್ಗಿನಿ ಗಲ್ಲಾರ್ಡೋ ಇ-ಗೇರ್ ಅಂಥವುಗಳಿಗೆ. ಹೋಗೋದಾದರೆ ಕೆಲಸದ ದಿನ, ಬೆಳಗ್ಗೆ ಬೇಗ.

ನಾನು ಸಣ್ಣ ಸಾಹುಕಾರ್ರಿಗೆ ಕೊಟ್ಟ ಸಲಹೆ ಕೇಳಿ ಅವರೇ ನಕ್ಕರು. ಖರ್ಚು ಜಾಸ್ತಿ ಆಯಿತು, ಕಾರು ತೆಗೀಬೇಡಿ ಅಂತಾನೆ ಅಂದುಕೊಂಡಿದ್ದರು. ನಾನು ಹೇಳಿದ್ದು, ಮಳೆ ನಿಂತ ಮೇಲೆ ಚೆನ್ನಾಗಿ ಓಡಿಸಿ ಅಂತ. 2,000 ಬದಲು 4,000 ಕಿ.ಮೀ. ಓಡಿಸಿದರೆ ಜಾಸ್ತಿ ಆಗೋದು ಪೆಟ್ರೋಲ್ ಐವತ್ತು ಸಾವಿರ, ಸ್ವಲ್ಪ ಸವಕಳಿ. ಕಿಲೋಮೀಟರಿಗೆ ಬೀಳುವ ಬಡ್ಡಿ, ವಿಮೆ ಅರ್ಧ ಆಗುತ್ತದೆ. ಬ್ಯಾಟರಿಗೂ ಟೈರಿಗೂ ಅದೇ ಒಳ್ಳೇದು. ಮಾರುವಾಗ ಓಡೋಮೀಟರ್ ನೋಡಿ ಸ್ವಲ್ಪ ಬೆಲೆ ಇಳಿಸುತ್ತಾರೆ ಅನ್ನೋದು ನಿಜ. ಆದರೂ ಒಂದು ವರ್ಷ ಸುಮ್ನೆ ನಿಲ್ಲಿಸಿದ್ದರ ಬಡ್ಡಿಯಷ್ಟು ಇಳಿಯಲ್ಲ ಅಂತ ನನ್ನ ಅಂದಾಜು.

ತೆರಿಗೆ ಉಳಿಸೋಕೆ ಎಸ್ಟೇಟ್ ಹೆಸರಲ್ಲೇ ತಗೊಳ್ಳೋಣ ಅಂತ ಕೆಲವರು ಬರುತ್ತಾರೆ. ಕಾಫಿ ಬೆಳೆದು ಕ್ಯೂರಿಂಗ್ ಮಾಡಿಸದೆ ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದ ಕಡೆ ಖರ್ಚು ತೋರಿಸಿ ಉಳಿಸೋದೇನು? ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25 ಭಾಗಕ್ಕೆ ತೆರಿಗೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗಕ್ಕೆ. ತೆರಿಗೆ ಲೆಕ್ಕದಲ್ಲಿ ಖರ್ಚಾಗಿ ತೋರಿಸಬಹುದಾದ ಕಾರಿನ ಸವಕಳಿ ವರ್ಷಕ್ಕೆ ಶೇ 15, ಅದರಲ್ಲೂ ಸ್ವಂತ ಓಡಾಟದ ಪಾಲು ಕಳೆಯುತ್ತಾರೆ. ಹಳದಿ ಲ್ಯಾಂಬೋರ್ಗಿನಿಯಲ್ಲಿ ತೋಟದ ಗೊಬ್ಬರ ತಂದೆ ಅಂದರೆ ಯಾರು ನಂಬುತ್ತಾರೆ? ಜಿಎಸ್‌ಟಿ ಕ್ರೆಡಿಟ್ಟೂ (ಕೊಳ್ಳುವಾಗ ಕಟ್ಟಿದ್ದನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳೋದು) ಇಂಥ ಕಾರಿಗೆ ಸಿಗಲ್ಲ.

ಕೊಳ್ಳುವ ಮುಂಚೆ ನಂಬರ್ ಪ್ಲೇಟ್ ನೋಡಿ. ಕರ್ನಾಟಕದಲ್ಲಿ 20 ಲಕ್ಷ ಮೇಲಿನ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್, ಸೇರಿ ಸುಮಾರು ಶೇ 20. ನಾಲ್ಕು ಕೋಟಿ ಕಾರಿಗೆ 80 ಲಕ್ಷ. ಪುದುಚೇರಿಯಲ್ಲಿ ಈ ತೆರಿಗೆ ಕಡಿಮೆ, ಅಲ್ಲಿನ ನಂಬರ್ ಕಾರುಗಳು ಅಗ್ಗಕ್ಕೆ ಸಿಗೋದು ಇದಕ್ಕೇ. ಹೊರ ರಾಜ್ಯದ ನಂಬರ್ ಇಟ್ಟುಕೊಂಡು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಓಡಿಸುವ ಹಾಗಿಲ್ಲ. 2025ರಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಇಂಥ ಕಾರುಗಳನ್ನು ಹುಡುಕಿ ಹಿಡಿದರು. ಆ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಎಸ್‌ಎಫ್90ಗೆ ಸುಮಾರು 1.42 ಕೋಟಿ ಕಟ್ಟಿಸಿಕೊಂಡರು. ಹಳೇ ಕಾರಾದರೆ ವಯಸ್ಸಿನ ಮೇಲೆ ತೆರಿಗೆ ಸ್ವಲ್ಪ ಕಡಿಮೆ ಆಗುತ್ತದೆ, ಆದರೂ ದಲ್ಲಾಳಿ ಹೇಳುವ ಬೆಲೆಗೆ ಇದನ್ನು ಸೇರಿಸಿಯೇ ಚೌಕಾಸಿ ಮಾಡಿ.

ಈಗ ಯಾರಾದರೂ ಫೋನ್ ಮಾಡಿ ಕೇಳಿದರೆ ನಾನು ನಾಲ್ಕು ಕಾಗದ ತರಿಸಿಕೊಳ್ಳಿ ಅನ್ನುತ್ತೇನೆ. ಕಾರನ್ನು ಇಲ್ಲಿಗೆ ವರ್ಗಾಯಿಸಲು ಆಕ್ಷೇಪಣೆ ಇಲ್ಲ ಅನ್ನುವ ಹಳೇ ರಾಜ್ಯದ ಪತ್ರ, ಅಂದರೆ ಎನ್‌ಒಸಿ. ಎಲ್ಲಾ ವರ್ಷದ ಸರ್ವಿಸ್ ದಾಖಲೆ. ಟೈರಿನ ಆ ನಾಲ್ಕು ಅಂಕಿಯ ಫೋಟೋ. ಆಮೇಲೆ ಸರ್ವಿಸ್ ಸೆಂಟರಿನಿಂದ ಕ್ಲಚ್ ಮತ್ತು ಬ್ರೇಕ್ ಎಷ್ಟು ಉಳಿದಿದೆ ಅನ್ನೋ ವರದಿ. ಬ್ರೇಕಿನ ಕಾರ್ಬನ್ ಸೆರಾಮಿಕ್ ಡಿಸ್ಕ್ ಸವೆದಿದ್ದರೂ ಕಣ್ಣಿಗೆ ಹೊಸದರ ಹಾಗೇ ಕಾಣುತ್ತದೆ, ಅದನ್ನು ಬಿಚ್ಚಿ ತೂಕ ಹಾಕಬೇಕು, ಕನಿಷ್ಠ ತೂಕ ಡಿಸ್ಕಿನ ಮೇಲೇ ಬರೆದಿರುತ್ತದೆ. ಅದರ ಒಂದು ಸೆಟ್ಟಿಗೆ ಬರುವ ದುಡ್ಡಲ್ಲಿ ಒಂದು ಒಳ್ಳೇ ಫ್ಯಾಮಿಲಿ ಕಾರು ಬರುತ್ತದೆ. ಈ ನಾಲ್ಕೂ ಸಿಕ್ಕರೆ ಕಳಿಸಿ, ಎರಡು ಕಾಲಂ ಹಾಕಿ ಕೊಡುತ್ತೇನೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಾತ್ರ ಬೇಡ, ಕೊಯ್ಲು ಇರುತ್ತದೆ, ಫೋನ್ ಎತ್ತೋಕೂ ಪುರುಸೊತ್ತು ಇರಲ್ಲ.