ಎಷ್ಟು ವ್ಯಾಟ್ ಹಾಕ್ತೀರಾ ಸಾರ್?

ಹ್ಯಾಮ್ ರೇಡಿಯೋ ಅಂದ್ರೆ ಹವ್ಯಾಸಕ್ಕೆ ಲೈಸೆನ್ಸ್ ತಗೊಂಡು ದೂರದೋರ ಜೊತೆ ಮಾತಾಡೋ ರೇಡಿಯೋ. ಅದರ 160 ಮೀಟರ್ ಬ್ಯಾಂಡಲ್ಲಿ ಅಮೆರಿಕ ಸಿಕ್ತು ಅಂತ ಎಲ್ಲಾದ್ರೂ ಬಾಯಿಬಿಟ್ರೆ ಸಾಕು, ಮುಂದಿನ ಮಾತು ಇದೇ. ಮೊನ್ನೆ ಮೊನ್ನೆ ಲೈಸೆನ್ಸ್ ಬಂದಿರೋ ಹುಡುಗ್ರೂ ಕೇಳ್ತಾರೆ, ಬೆಳಿಗ್ಗೆ ಬೆಳಿಗ್ಗೆ 40 ಮೀಟರಲ್ಲಿ ಕಾಫಿ ಕುಡೀತಾ ಹರಟೆ ಹೊಡೆಯೋ ಹಿರಿಯರೂ ಕೇಳ್ತಾರೆ. ನಾನು 100 ಅಂತೀನಿ. ಆಗ ಒಂಥರಾ ನೋಡ್ತಾರೆ, ಇವನು ಮೇಜಿನ ಕೆಳಗೆ ಆಂಪ್ಲಿಫೈಯರ್ ಬಚ್ಚಿಟ್ಕೊಂಡು ಸುಳ್ಳು ಹೇಳ್ತಿದಾನೆ ಅನ್ನೋ ಹಾಗೆ. ಇಲ್ಲ ಕಣ್ರೀ, ನಿಜವಾಗ್ಲೂ 100 ವ್ಯಾಟೇ, ಅಂಗಡಿಯಿಂದ ತಂದ ರಿಗ್ (ರೇಡಿಯೋ ಸೆಟ್) ಹೇಗೆ ಬಂತೋ ಹಾಗೇ ಇದೆ.

ನಮ್ಮ ಜನರಲ್ ಗ್ರೇಡ್ ಲೈಸೆನ್ಸಲ್ಲಿ 400 ವ್ಯಾಟ್ ತನಕ ಹಾಕಬಹುದು, ನಿಜ. ಆದ್ರೆ ಲೆಕ್ಕ ಹಾಕಿ, 100 ರಿಂದ 400ಕ್ಕೆ ಹೋದ್ರೆ ಸಿಗೋದು 6 ಡಿಬಿ (ಡೆಸಿಬೆಲ್), ಅಂದ್ರೆ ಆ ಕಡೆಯವನ ಮೀಟರಲ್ಲಿ ಮುಳ್ಳು ಒಂದೇ ಒಂದು ಎಸ್ ಯೂನಿಟ್ (ಸಿಗ್ನಲ್ ಬಲದ ಒಂದು ಮೆಟ್ಟಿಲು) ಮೇಲೆ ಹೋಗುತ್ತೆ. ಅಷ್ಟಕ್ಕೆ ಆಂಪ್ಲಿಫೈಯರ್, ಅದಕ್ಕೊಂದು ಪವರ್ ಸಪ್ಲೈ, ದಪ್ಪ ಕೋಆಕ್ಸ್ ಕೇಬಲ್, ಮನೇಲಿ ಒಂದು ಜಗಳ. ಅದೇ 6 ಡಿಬಿಯಲ್ಲಿ ಅರ್ಧ ಮಣ್ಣಲ್ಲಿ ಸಿಗುತ್ತೆ, ಉಳಿದಿದ್ದು ಕಿವಿಯಲ್ಲಿ ಸಿಗುತ್ತೆ. ಅದನ್ನೇ ಹೇಳೋಣ ಅಂತ ಇದನ್ನ ಬರೀತಿರೋದು.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳಿಬಿಡ್ತೀನಿ. 160 ಮೀಟರ್ ಅಂದ್ರೆ 1.8 ಮೆಗಾಹರ್ಟ್ಸ್, ನಿಮ್ಮ ಮೀಡಿಯಂ ವೇವ್ ರೇಡಿಯೋ ಮುಗಿಯೋ ಜಾಗದ ಪಕ್ಕದಲ್ಲೇ ಶುರುವಾಗುತ್ತೆ. ಹಗಲು ಹೊತ್ತು ಮೇಲೆ ವಾತಾವರಣದಲ್ಲಿರೋ ಡಿ ಪದರ ಈ ಸಿಗ್ನಲ್‌ನ ನುಂಗಿ ನೀರು ಕುಡಿಯುತ್ತೆ, ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ ದೂರ ಹೋಗೋ ದಾರಿ ತೆಗೆಯುತ್ತೆ. ಕಾಂಟೆಸ್ಟ್ ಅಂದ್ರೆ ನಿಗದಿ ಮಾಡಿದ ಅಷ್ಟು ಹೊತ್ತಲ್ಲಿ ಎಷ್ಟು ಸ್ಟೇಷನ್, ಎಷ್ಟು ದೇಶ ಹಿಡಿತೀರಿ ಅನ್ನೋ ಪಂದ್ಯ. ನನಗೆ ದೀಪಾವಳಿಗಿಂತ ದೊಡ್ಡ ಹಬ್ಬ ಜನವರಿ ಕೊನೇ ವಾರಾಂತ್ಯ, ಸಿಕ್ಯೂ 160 ಮೀಟರ್ ಸಿಡಬ್ಲ್ಯೂ ಕಾಂಟೆಸ್ಟ್, ಪೂರ್ತಿ ಮೋರ್ಸ್ ಕೋಡು. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ ಜಾವ 3:30ಕ್ಕೆ ಶುರುವಾಗಿ ಸೋಮವಾರ ಬೆಳಗಿನ ಜಾವ 3:30ಕ್ಕೆ ಮುಗಿಯುತ್ತೆ. ಬೇರೆ ಖಂಡ ಸಿಕ್ರೆ 10 ಪಾಯಿಂಟು, ನಮ್ಮದೇ ಖಂಡದ ಬೇರೆ ದೇಶಕ್ಕೆ 5, ನಮ್ಮ ದೇಶದೊಳಗೇ ಆದ್ರೆ 2. ನಾವು ಕಳಿಸೋದು ಸಿಗ್ನಲ್ ಹೇಗೆ ಕೇಳ್ತಿದೆ ಅನ್ನೋ ರಿಪೋರ್ಟು ಮತ್ತೆ ನಮ್ಮ ಝೋನ್ (ಪ್ರಪಂಚವನ್ನ ಹಂಚಿರೋ ಭಾಗ) ನಂಬರು, ಭಾರತಕ್ಕೆ 22. ಅಮೆರಿಕದೋರು ಅವರ ರಾಜ್ಯ ಕಳಿಸ್ತಾರೆ. ಅಷ್ಟೇ ಮಾತುಕತೆ, ಊಟ ಆಯ್ತಾ ಅಂತ ಯಾರೂ ಕೇಳಲ್ಲ.

ಈಗ ಆಂಟೆನಾ. ಇಲ್ಲೇ ಎಲ್ಲರೂ ಸೋಲೋದು. ಅರ್ಧ ತರಂಗದ ಡೈಪೋಲ್ ಕಟ್ಟಬೇಕು ಅಂದ್ರೆ 78 ಮೀಟರ್ ತಂತಿ ಬೇಕು, ಅದನ್ನ ಹೇಗೋ ಎಳೀಬಹುದು, ಆದ್ರೆ ದೂರ ಹೋಗಬೇಕು ಅಂದ್ರೆ ಅದು 80 ಮೀಟರ್ ಎತ್ತರದಲ್ಲೂ ಇರಬೇಕು. ಬೆಂಗಳೂರಲ್ಲಿ ಟೆರೇಸ್ ಮೇಲೆ 10 ಮೀಟರ್ ಎತ್ತರಕ್ಕೆ ಕಟ್ಟಿದ್ರೆ ಸಿಗ್ನಲ್ ನೆಟ್ಟಗೆ ಆಕಾಶಕ್ಕೆ ಹೋಗಿ ವಾಪಸ್ ತಲೆ ಮೇಲೇ ಬೀಳುತ್ತೆ, ಹಾಸನ ಕೊಯಮತ್ತೂರು ಚೆನ್ನಾಗಿ ಸಿಗುತ್ತೆ, ಮಲ್ಟಿಪ್ಲೈಯರ್ (ಪಾಯಿಂಟನ್ನ ಗುಣಿಸೋ ಹೊಸ ದೇಶ) ಸಿಗಲ್ಲ. ನಾನೂ ಎರಡು ವರ್ಷ ಹಾಗೇ ಒದ್ದಾಡಿ ಆಮೇಲೆ ತಿಪಟೂರು ಕಡೆ ಇರೋ ಚಿಕ್ಕಪ್ಪನ ತೆಂಗಿನ ತೋಟಕ್ಕೆ ಹೋದೆ.

ತೆಂಗಿನ ಮರ ಅಂದ್ರೆ ದೇವರು ಕೊಟ್ಟ ಟವರ್, ಆದ್ರೆ ತಲೆ ಅಲ್ಲಾಡಿಸೋ ಟವರ್. ಕಾಯಿ ಕೀಳೋ ಅಣ್ಣನ ಕೈಲಿ ಒಂದು ರಾಟೆ ಮೇಲೆ ಕಟ್ಟಿಸಿದೆ. ತಂತಿ 16 ಮೀಟರ್ ನೆಟ್ಟಗೆ ಮೇಲೆ ಹೋಗುತ್ತೆ, ಉಳಿದ 24 ಮೀಟರ್ ಅಡ್ಡಲಾಗಿ ಇನ್ನೊಂದು ಮರಕ್ಕೆ ಹೋಗುತ್ತೆ. ಇದಕ್ಕೆ ಇನ್ವರ್ಟೆಡ್ ಎಲ್ ಅಂತಾರೆ. ಹಗ್ಗದ ತುದಿಗೆ ನೀರು ತುಂಬಿದ ಕ್ಯಾನ್ ನೇತು ಹಾಕಿದೀನಿ, ಗಾಳಿಗೆ ಮರ ತೂಗಿದ್ರೆ ಕ್ಯಾನ್ ಮೇಲೆ ಕೆಳಗೆ ಆಡುತ್ತೆ, ತಂತಿ ಕಿತ್ತುಹೋಗಲ್ಲ. ಹಾಗೇ ಬಿಗಿಯಾಗಿ ಕಟ್ಟಿದ ಮೊದಲನೇ ವರ್ಷ ಎರಡು ಸಲ ಕಿತ್ತಿತ್ತು, ಮೂರನೇ ಸಲ ಒಣಗಿದ ಗರಿ ಬಿದ್ದು ಕಿತ್ತಿತ್ತು, ಆ ಗರಿಗೆ ಮಾತ್ರ ಇವತ್ತಿಗೂ ನನ್ನ ಹತ್ರ ಪರಿಹಾರ ಇಲ್ಲ.

ಕಟ್ಟಿ ಬುಡದಲ್ಲಿ ನಾಲ್ಕು ರೇಡಿಯಲ್ ತಂತಿ (ಚಕ್ರದ ಕಡ್ಡಿ ಥರ ಸುತ್ತ ಹರಡೋ ತಂತಿ) ನೆಲದ ಮೇಲೆ ಹಾಸಿ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತೆ ಅನ್ನೋ ಅಳತೆ) ನೋಡಿದ್ರೆ 1:1, ಏನೂ ವಾಪಸ್ ಇಲ್ಲ! ಕುಣಿದಾಡಿಬಿಟ್ಟೆ. ಆಮೇಲೆ ಗೊತ್ತಾಯ್ತು ಅದು ಖುಷಿ ಪಡೋ ವಿಷಯ ಅಲ್ಲ ಅಂತ. ಆ ಎತ್ತರದ ತಂತಿಯ ರೇಡಿಯೇಷನ್ ರೆಸಿಸ್ಟೆನ್ಸ್, ಅಂದ್ರೆ ಪವರನ್ನ ಗಾಳಿಗೆ ಕಳಿಸೋ ಪಾಲು, ಸುಮಾರು 13 ಓಮ್ ಅಷ್ಟೇ. ಮೀಟರ್ 1:1, ಅಂದ್ರೆ ರಿಗ್ಗಿಗೆ ಬೇಕಾದ 50 ಓಮ್ ತೋರಿಸ್ತಿದೆ ಅಂದ್ರೆ ಉಳಿದ 37 ಓಮ್ ಎಲ್ಲಿಂದ ಬಂತು? ಮಣ್ಣಿಂದ. ಅಂದ್ರೆ 100 ವ್ಯಾಟಲ್ಲಿ ಗಾಳಿಗೆ ಹೋಗ್ತಿದ್ದಿದ್ದು 26, ಮಿಕ್ಕಿದ್ದೆಲ್ಲ ಚಿಕ್ಕಪ್ಪನ ತೋಟದ ಮಣ್ಣು ಕಾಯಿಸೋಕೆ. ಅದಕ್ಕೇ ರೇಡಿಯಲ್ ಜಾಸ್ತಿ ಮಾಡ್ತಾ ಹೋದೆ, 8, 16, 30. ಮಾಡ್ತಾ ಹೋದ ಹಾಗೆ ಎಸ್‌ಡಬ್ಲ್ಯೂಆರ್ ಕೆಡ್ತಾ ಹೋಯ್ತು, ಕೊನೆಗೆ 2:1 ಆಯ್ತು, ಬುಡದಲ್ಲಿ 23 ಓಮ್. ಆಂಟೆನಾ ಒಳ್ಳೇದಾಗಿದ್ದಕ್ಕೇ ಎಸ್‌ಡಬ್ಲ್ಯೂಆರ್ ಕೆಟ್ಟಿದ್ದು! 30 ಇದ್ದಾಗ 56 ವ್ಯಾಟ್ ಗಾಳಿಗೆ ಹೋಗ್ತಿತ್ತು, ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ, ಒಂದು ಸಣ್ಣ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಹಾಕಿ 50ಕ್ಕೆ ತಂದ್ರೆ ರಿಗ್ಗೂ ಖುಷಿ. ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಅಂತ ಮೂರು ಜನ 1937ರಲ್ಲೇ ಈ ರೇಡಿಯಲ್ ವಿಷಯ ಅಳೆದು ನೋಡಿ ಬರೆದಿಟ್ಟಿದ್ರು, ಎಎಂ ಬ್ರಾಡ್‌ಕಾಸ್ಟ್ ಟವರ್‌ಗಳ ಬುಡದಲ್ಲಿ 120 ತಂತಿ ಹೂಳೋ ಪದ್ಧತಿ ಗಟ್ಟಿಯಾಗಿದ್ದು ಅಲ್ಲಿಂದಲೇ. ನನಗೆ 120 ಆಗಲ್ಲ, 30ಕ್ಕೇ 600 ಮೀಟರ್ ತಂತಿ ಬೇಕಾಯ್ತು. ಅದರಲ್ಲೂ ಹೋದ ಡಿಸೆಂಬರಲ್ಲಿ ತೋಟ ಉಳೋಕೆ ಬಂದ ಟ್ರ್ಯಾಕ್ಟರಿನ ರೋಟವೇಟರ್ ಹನ್ನೊಂದನ್ನ ಸುತ್ಕೊಂಡು ಹೋಯ್ತು. ಡ್ರೈವರ್ ಅರ್ಧ ಗಂಟೆ ಕೂತು ತಂತಿ ಬಿಡಿಸ್ತಾ ಏನೇನು ಬೈದ ಅಂತ ಇಲ್ಲಿ ಬರೆಯೋಕಾಗಲ್ಲ, ತಪ್ಪು ನಂದೇ, ಗೂಟ ಹೊಡೆದು ಗುರುತು ಮಾಡಿರಲಿಲ್ಲ.

ಇಷ್ಟೆಲ್ಲ ಆದಮೇಲೂ ಅಮೆರಿಕ ಸಿಕ್ಕಿರಲಿಲ್ಲ. ನನ್ನ ಸಿಗ್ನಲ್ ಹೋಗ್ತಿತ್ತು, ಕರೀತಿದ್ರು, ನನಗೇ ಕೇಳಿಸ್ತಿರಲಿಲ್ಲ. ಹ್ಯಾಮ್‌ಗಳಲ್ಲಿ ಇಂಥೋರಿಗೆ ಅಲಿಗೇಟರ್ ಅಂತಾರೆ, ಬಾಯಿ ದೊಡ್ಡದು, ಕಿವಿ ಕಾಣಲ್ಲ. ಎಷ್ಟು ವ್ಯಾಟ್ ಅಂತ ಕೇಳೋರಿಗೆ ನನ್ನ ನಿಜವಾದ ಉತ್ತರ ಇಲ್ಲಿದೆ: ನಿಮ್ಮ ಊರಲ್ಲಿ ರಾತ್ರಿ 1.8ರಲ್ಲಿ ಗದ್ದಲ ಎಷ್ಟಿದೆ ಅಂತ ಮೊದಲು ನೋಡಿ. ಟ್ರಾನ್ಸ್‌ಮಿಟ್ ಮಾಡೋ ಆ ಲಂಬ ತಂತಿ ಸುತ್ತಮುತ್ತಲ ಎಲ್ಲಾ ಗಲೀಜನ್ನೂ ಬಾಚಿ ತಂದುಕೊಡುತ್ತೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್ಸು, ಲೈನ್ ಕಂಬದ ಮೇಲೆ ಚಟಚಟ ಅನ್ನೋ ಇನ್ಸುಲೇಟರ್. ತೋಟದಲ್ಲಿ ರಾತ್ರಿ ತ್ರೀ ಫೇಸ್ ಬಂತು ಅಂದ್ರೆ ಅಕ್ಕಪಕ್ಕದ ಮೋಟ್ರೆಲ್ಲ ಒಟ್ಟಿಗೆ ಸ್ಟಾರ್ಟ್ ಆಗುತ್ತೆ, ಮೀಟರ್ ಮುಳ್ಳು ಎಸ್8ಕ್ಕೆ ಹೋಗಿ ಕೂರುತ್ತೆ, ಯುರೋಪ್ ಇರೋದು ಎಸ್3ರಲ್ಲಿ. ಊರಲ್ಲೆಲ್ಲ ಕರೆಂಟ್ ಹೋದಾಗ ಕುಣಿಯೋ ಜನ ಅಂದ್ರೆ ನಾವು ಮಾತ್ರ. ಆಗ ಬ್ಯಾಟರಿ ಮೇಲೆ ರಿಗ್ ಹಾಕಿ ಕಿವಿ ಕೊಟ್ರೆ ಬ್ಯಾಂಡ್ ಅನ್ನೋದು ಕೆರೆ ದಂಡೆ ಥರ ಶಾಂತ, ದೂರದಲ್ಲಿ ಒಂದೊಂದೇ ಕಪ್ಪೆ.

ಅದಕ್ಕೇ ಕೇಳೋಕೆ ಬೇರೆ ಆಂಟೆನಾ. ಹೆಸರುವಾಸಿ ಆಗಿರೋದು ಬೆವರೇಜ್ ಆಂಟೆನಾ. ಹೆಸರು ಕೇಳಿದ ಚಿಕ್ಕಪ್ಪ "ಏನೋ ಅದು, ತೋಟದಲ್ಲಿ ಅಂಗಡಿ ಇಡ್ತೀಯಾ?" ಅಂದ್ರು. ಹೆರಾಲ್ಡ್ ಬೆವರೇಜ್ ಅಂತ ಅಮೆರಿಕದ ಎಂಜಿನಿಯರ್ ಮಾಡಿದ್ದು ಅಂದ್ರೂ ನಂಬಲಿಲ್ಲ. ಆಳೆತ್ತರಕ್ಕೆ ಒಂದು ಉದ್ದ ತಂತಿ, ತುದಿಯಲ್ಲಿ ಒಂದು 450 ಓಮ್ ರೆಸಿಸ್ಟರು, ಆ ದಿಕ್ಕಿಂದ ಬರೋದು ಮಾತ್ರ ಚೆನ್ನಾಗಿ ಕೇಳುತ್ತೆ. 1921ರ ಡಿಸೆಂಬರಲ್ಲಿ ಪಾಲ್ ಗಾಡ್ಲಿ ಅನ್ನೋರು ಸ್ಕಾಟ್ಲೆಂಡಿನ ಆರ್ಡ್ರಾಸನ್‌ನಲ್ಲಿ ಡೇರೆ ಹಾಕಿ ಕೂತು ಅಟ್ಲಾಂಟಿಕ್ ಆಚೆಯ ಅಮೆರಿಕನ್ ಹವ್ಯಾಸಿಗಳ ಸಿಗ್ನಲ್ ಹಿಡಿದಿದ್ದು ಈ ತಂತಿಯಿಂದಲೇ. ಆದ್ರೆ ಅದಕ್ಕೆ ಕಡಿಮೆ ಅಂದ್ರೂ 160 ಮೀಟರ್ ಉದ್ದದ ಜಾಗ ಬೇಕು, ಒಂದೊಂದು ದಿಕ್ಕಿಗೆ ಒಂದೊಂದು. ಚಿಕ್ಕಪ್ಪನ ತೋಟ ಆ ದಿಕ್ಕಿಗೆ ಅಷ್ಟಿಲ್ಲ, ಪಕ್ಕದ ತೋಟದೋರ ಜೊತೆ ಬೇಲಿ ವಿಷಯಕ್ಕೆ ಮಾತು ಬಿಟ್ಟು ಆರು ವರ್ಷ ಆಗಿದೆ. ಹಾಗಾಗಿ ನಾನು ಕಟ್ಟಿದ್ದು ಕೆ9ಎವೈ ಲೂಪ್ (ಅದನ್ನ ಮಾಡಿದ ಹ್ಯಾಮಿನ ಲೈಸೆನ್ಸ್ ಗುರುತೇ ಅದರ ಹೆಸರು), ನಡುವೆ ಏಳೂವರೆ ಮೀಟರ್ ಬಿದಿರು, 26 ಮೀಟರ್ ತಂತಿಯ ಒಂದು ಕುಣಿಕೆ, ಬುಡದಲ್ಲಿ ರಿಲೇ ಹಾಕಿ ದಿಕ್ಕು ತಿರುಗಿಸ್ತೀನಿ. ಸಿಗ್ನಲ್ ಎಷ್ಟು ಸಣ್ಣಗೆ ಬರುತ್ತೆ ಅಂದ್ರೆ ಪ್ರೀಆಂಪ್ (ಬರೋ ಸಿಗ್ನಲ್ ಹಿಗ್ಗಿಸೋ ಡಬ್ಬಿ) ಬೇಕೇ ಬೇಕು, ಆದ್ರೆ ಗದ್ದಲ ಅದಕ್ಕಿಂತ ಸಣ್ಣಗಾಗುತ್ತೆ, ನಮಗೆ ಬೇಕಾಗಿರೋದು ಅಷ್ಟೇ ತಾನೇ. ನಮ್ಮಲ್ಲಿಂದ ಯುರೋಪ್ ವಾಯವ್ಯಕ್ಕೆ, ಅಮೆರಿಕದ ಪೂರ್ವ ಕರಾವಳಿಯೂ ಉತ್ತರಕ್ಕೆ ಹತ್ತಿರದ ವಾಯವ್ಯದಲ್ಲೇ, ಆದ್ರಿಂದ ಒಂದೇ ಮುಖ ಸಾಕು. ತಿರುಗಿಸಿದ್ರೆ ಆಗ್ನೇಯ. ಜಪಾನ್ ಈಶಾನ್ಯಕ್ಕಿದೆ, ಅದಕ್ಕೆ ಇನ್ನೊಂದು ಲೂಪ್ ಬೇಕು, ಇನ್ನೂ ಕಟ್ಟಿಲ್ಲ.

ಕಾಲವೂ ಮುಖ್ಯ. ಏಪ್ರಿಲ್ ಮೇನಲ್ಲಿ ಅಶ್ವಿನಿ ಭರಣಿ ಮಳೆ ಗುಡುಗೋವಾಗ ಈ ಬ್ಯಾಂಡ್ ಕಡೆ ತಲೆ ಹಾಕ್ಬೇಡಿ, ಕಿವಿ ಹರಿದು ಹೋಗುತ್ತೆ. ನವೆಂಬರಿಂದ ಫೆಬ್ರವರಿ ಒಳ್ಳೇದು.

ಈ ಜನವರಿ ಭಾನುವಾರ ಬೆಳಿಗ್ಗೆ 6:20. ಮಂಜು, ಸ್ವೆಟರ್ ಹಾಕಿದ್ರೂ ಮೋರ್ಸ್ ಹೊಡೆಯೋ ಪ್ಯಾಡಲ್ ಮೇಲೆ ಬೆರಳು ಮರಗಟ್ಟಿದೆ. ಅಲ್ಲಿ ಪೂರ್ವ ಕರಾವಳಿಯಲ್ಲಿ ಶನಿವಾರ ರಾತ್ರಿ 7:50. ಇನ್ವರ್ಟೆಡ್ ಎಲ್‌ನಲ್ಲಿ ಬರೀ ಬುಸ್ಸ್ ಅಂತಿದೆ, ಲೂಪ್‌ಗೆ ಸ್ವಿಚ್ ಹಾಕಿದ್ರೆ ಅದರೊಳಗೆ ಯಾರೋ ನನ್ನ ಲೈಸೆನ್ಸ್ ಗುರುತು, ಅಂದ್ರೆ ಕಾಲ್‌ಸೈನ್ ಕೊನೇ ಎರಡು ಅಕ್ಷರ ಹೊಡೀತಿದಾರೆ. ಮೂರು ಸಲ ಮತ್ತೆ ಕೇಳಿದೆ. ಪುಣ್ಯಾತ್ಮ ಬಿಟ್ಟು ಹೋಗಲಿಲ್ಲ, ಕೊನೆಗೆ ಎಂಎ ಅಂತ ಬಂತು, ಮೆಸಾಚುಸೆಟ್ಸ್. ಲಾಗ್‌ಗೆ ಎಂಟರ್ ಒತ್ತಿ ಮುಗಿಸೋ ಹೊತ್ತಿಗೆ ತ್ರೀ ಫೇಸ್ ಬಂತು, ಚಿಕ್ಕಪ್ಪ ಹೊರಗೆ ಹೋಗಿ ಮೋಟ್ರು ಹಾಕಿದ್ರು. "ನಂದು 5 ಎಚ್‌ಪಿ ಕಣೋ, ನಿಂದು ಎಷ್ಟು?" ಅಂತ ಕೇಳಿದ್ರು, ಅವರೂ ಬಿಡಲಿಲ್ಲ.

ಮುಂದಿನ ಸೀಸನ್‌ಗೆ ಜಪಾನ್ ಕಡೆ ಲೂಪು, ಮತ್ತೆ ಹೋದ ಹನ್ನೊಂದು ರೇಡಿಯಲ್ಲು ವಾಪಸ್ ಹಾಕಬೇಕು. ಹಳೇ ಮೋಟ್ರು ವೈಂಡಿಂಗ್ ಬಿಚ್ಚಿದ ತಾಮ್ರದ ತಂತಿ ಯಾರ ಹತ್ರಾದ್ರೂ ಇದ್ರೆ ಹೇಳಿ, ತೂಕದ ಲೆಕ್ಕದಲ್ಲೇ ತಗೋತೀನಿ.