ಒಂದನೇ ತಾರೀಖಿನ ಪಟ್ಟಿ

ಪ್ರತಿ ತಿಂಗಳು ಒಂದನೇ ತಾರೀಖು ಬೆಳಗ್ಗೆ ನನಗೊಂದು ಪಟ್ಟಿ ಬರುತ್ತದೆ. ಇಂಟರ್ನೆಟ್ಟಿನಲ್ಲಿ ನಾನು ಹಾಕುವ ಚಿತ್ರಗಳಿಗಾಗಿ ತಿಂಗಳು ತಿಂಗಳು ಚಂದಾ ಕೊಡುವವರ ಪಟ್ಟಿ. ಯಾರ ಚಂದಾ ಜಮೆ ಆಯಿತು, ಯಾರ ಬ್ಯಾಂಕ್ ಕಾರ್ಡ್ ನಡೆಯಲಿಲ್ಲ, ಯಾರು ಬಿಟ್ಟು ಹೋದರು, ಯಾರು ಹೊಸದಾಗಿ ಸೇರಿದರು, ಎಲ್ಲ ಅದರಲ್ಲಿರುತ್ತದೆ. ಈ ತಿಂಗಳು 212 ಹೆಸರುಗಳಿವೆ. ಐದು ವರ್ಷದ ಹಿಂದೆ ಮೊದಲ ಪಟ್ಟಿ ಬಂದಾಗ ಇದ್ದದ್ದು ಒಂಬತ್ತು. ಅದರಲ್ಲಿ ಇಬ್ಬರು ಗೆಳೆಯರು, ಒಬ್ಬಳು ನನ್ನ ತಂಗಿ. ಉಳಿದ ಆರು ಜನ ಯಾರೆಂದು ಗೊತ್ತೇ ಇರಲಿಲ್ಲ. ಆ ಆರು ಹೆಸರುಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನಾನು ಯಂತ್ರಗಳ ಒಳಗಿನ ಚಿತ್ರ ಬರೆಯುತ್ತೇನೆ. ಹೊಲಿಗೆ ಯಂತ್ರ, ಜಿಪ್, ಗೋಡೆ ಗಡಿಯಾರ, ಒತ್ತಿದರೆ ರೀಫಿಲ್ ಹೊರಬರುವ ಪೆನ್ನು, ಹೀಗೆ ಎಲ್ಲರ ಕೈಯಲ್ಲೂ ಓಡಾಡುವ ವಸ್ತುಗಳು. ಮೊದಲು ಬಿಚ್ಚುತ್ತೇನೆ. ಒಂದೊಂದು ಭಾಗವನ್ನೂ ಅಳೆಯುತ್ತೇನೆ. ಆಮೇಲೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನೋದು ನೋಡಿದ ಕೂಡಲೇ ತಿಳಿಯುವ ಹಾಗೆ ಚಿತ್ರ ಬರೆದು, ಪಕ್ಕದಲ್ಲಿ ನಾಲ್ಕು ಮಾತು ಸೇರಿಸಿ ಇಂಟರ್ನೆಟ್ಟಿಗೆ ಹಾಕುತ್ತೇನೆ. ಕೈಯಲ್ಲಿ ಹೊಲಿಯುವ ಸೂಜಿಗೆ ಕಣ್ಣು ಹಿಂಬದಿಯಲ್ಲಿರುತ್ತದೆ, ಯಂತ್ರದ ಸೂಜಿಗೆ ಮೊನೆಯ ಹತ್ತಿರ. ಯಾಕೆ? ಸೂಜಿ ಬಟ್ಟೆಯ ಕೆಳಗಿಳಿದು ಮೇಲೇಳುವಾಗ ದಾರ ಒಂದು ಸಣ್ಣ ಕುಣಿಕೆಯಾಗುತ್ತದೆ. ಕೆಳಗೆ ಕಾದಿರುವ ಕೊಕ್ಕೆ ಅದನ್ನು ಹಿಡಿದು ಬಾಬಿನ್, ಅಂದರೆ ಕೆಳಗಿನ ದಾರದ ಉರುಳೆ, ಅದರ ಸುತ್ತ ದಾಟಿಸುತ್ತದೆ. ಇದಿಷ್ಟನ್ನು ಏಳು ಚಿತ್ರಗಳಲ್ಲಿ ತೋರಿಸಲು ನನಗೆ ಆರು ವಾರ ಹಿಡಿಯಿತು.

ಆರು ವಾರದ ಕೆಲಸಕ್ಕೆ ಜಾಹೀರಾತಿನಿಂದ ಎಷ್ಟು ಬರುತ್ತದೆ? ಹೆಚ್ಚುಕಮ್ಮಿ ಏನೂ ಇಲ್ಲ. ಜಾಹೀರಾತಿನ ಲೆಕ್ಕ ಕಣ್ಣುಗಳ ಲೆಕ್ಕ. ಎಷ್ಟು ಜನ ಬಂದರು, ಎಷ್ಟು ಸಲ ಬಂದರು, ಅಷ್ಟೇ. ಒಬ್ಬ ಹುಡುಗಿ ಆ ಹೊಲಿಗೆ ಯಂತ್ರದ ಚಿತ್ರದ ಮುಂದೆ ಅರ್ಧ ಗಂಟೆ ಕೂತು, ಮನೆಯ ಹಳೇ ಯಂತ್ರವನ್ನು ತಾನೇ ರಿಪೇರಿ ಮಾಡಿದ್ದಳು. ಅವಳ ಆ ಅರ್ಧ ಗಂಟೆಗೂ, ತಪ್ಪಿ ಒತ್ತಿ ಎರಡು ಸೆಕೆಂಡಿನಲ್ಲಿ ಹೊರಟುಹೋದವರ ಭೇಟಿಗೂ ಆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಮೆಚ್ಚಿದವರಿಂದ ಹೀಗೆ ಚಂದಾ ಕೂಡಿಸಿಕೊಡುವ ಪೇಟ್ರಿಯಾನ್ ಅನ್ನುವ ತಾಣ ಹುಟ್ಟಿದ್ದೂ ಇಂಥದ್ದೇ ಒಂದು ನೋವಿನಿಂದ. ಜ್ಯಾಕ್ ಕಾಂಟಿ ಅನ್ನುವ ಅಮೆರಿಕದ ಸಂಗೀತಗಾರ 2013ರಲ್ಲಿ ಒಂದು ಹಾಡಿನ ವಿಡಿಯೊಗಾಗಿ ತಿಂಗಳುಗಟ್ಟಲೆ ದುಡಿದು, ಸುಮಾರು 10,000 ಡಾಲರ್ ಖರ್ಚು ಮಾಡಿದ್ದರು. ಬಾಹ್ಯಾಕಾಶ ನೌಕೆಯ ಒಳಾಂಗಣದ ಸೆಟ್ಟನ್ನೇ ಕಟ್ಟಿ ನಿಲ್ಲಿಸಿದ್ದರು. ಲಕ್ಷಗಟ್ಟಲೆ ಜನ ನೋಡಿದರೂ ಜಾಹೀರಾತಿನಿಂದ ಕೆಲವು ನೂರು ಡಾಲರ್ ಮಾತ್ರ ಸಿಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ, ಇಷ್ಟಪಟ್ಟವರೇ ನೇರವಾಗಿ ಸ್ವಲ್ಪ ಸ್ವಲ್ಪ ಕೊಡುವ ದಾರಿ ಇರಬೇಕು ಎಂದುಕೊಂಡು, ಕಾಲೇಜಿನ ಗೆಳೆಯ ಸ್ಯಾಮ್ ಯಾಮ್ ಜೊತೆ ಆ ವರ್ಷದ ಮೇ ತಿಂಗಳಲ್ಲಿ ತಾಣ ತೆರೆದರು. ಒಂದು ವಿಡಿಯೊದ ನಷ್ಟ ತುಂಬಿಕೊಳ್ಳಲು ಹೊಳೆದ ಉಪಾಯ ಸಾವಿರಾರು ಜನರ ಅನ್ನದ ದಾರಿಯಾಯಿತು.

ಇದಕ್ಕೂ ಮೊದಲು ಪ್ರಯತ್ನಗಳು ಆಗಿರಲಿಲ್ಲ ಅಂತಲ್ಲ. ಕಿಕ್‌ಸ್ಟಾರ್ಟರ್ 2009ರಲ್ಲೇ ಬಂದಿತ್ತು. ಆದರೆ ಅದು ಒಂದು ಕೆಲಸಕ್ಕೆ ಒಂದು ಸಲ ಹಣ ಎತ್ತುವ ಏರ್ಪಾಡು. ಸ್ವೀಡನ್ನಿನ ಫ್ಲ್ಯಾಟರ್ 2010ರಲ್ಲಿ ಬಂತು. ತಿಂಗಳಿಗಿಷ್ಟು ಎಂದು ಹಣ ಇಟ್ಟರೆ, ನೀವು ಮೆಚ್ಚಿದವರಿಗೆಲ್ಲ ಅದನ್ನು ಹಂಚುತ್ತಿತ್ತು. ಸುಂದರವಾದ ಯೋಚನೆ, ಬೇರೂರಲಿಲ್ಲ. ಪೇಟ್ರಿಯಾನ್ ಗಟ್ಟಿಯಾಗಿ ನಿಂತದ್ದು ಎರಡು ಸರಳ ವಿಷಯಗಳಿಂದ ಅಂತ ನನಗನ್ನಿಸುತ್ತದೆ. ಹಣ ಯಾರಿಗೆ ಹೋಗುತ್ತಿದೆ ಎಂದು ಕೊಡುವವರಿಗೆ ಗೊತ್ತಿರುತ್ತದೆ. ಮತ್ತೆ, ಮುಂದಿನ ತಿಂಗಳೂ ಅದು ಬರುತ್ತದೆ.

ಮುಂದಿನ ತಿಂಗಳೂ ಬರುತ್ತದೆ. ಈ ಮಾತಿನ ಬೆಲೆ ನಿಗದಿ ಸಂಬಳ ಇಲ್ಲದೆ ಕೆಲಸ ಮಾಡಿದವರಿಗೇ ಗೊತ್ತು. ಒಂದೇ ಸಲ ದೊಡ್ಡ ಮೊತ್ತ ಬಂದರೆ ಸಾಲ ತೀರಿಸಬಹುದು. ಚಿಕ್ಕದಾದರೂ ತಿಂಗಳು ತಿಂಗಳು ಬಂದರೆ ಮುಂದಿನ ಆರು ವಾರದ ಕೆಲಸಕ್ಕೆ ಕೈ ಹಾಕುವ ಧೈರ್ಯ ಬರುತ್ತದೆ. ನಾನು ಕಚೇರಿ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿದ್ದು ಈ ಧೈರ್ಯದ ಮೇಲೆ. ಪೂರ್ತಿ ಬಿಡಲು ಇನ್ನೂ ಆಗಿಲ್ಲ. ಸದಸ್ಯರನ್ನು ಸೇರಿಸಿಕೊಂಡು ನಡೆಯುವವರಲ್ಲಿ ಬಹುತೇಕರ ಕಥೆ ಇದೇ. ಬೆರಳೆಣಿಕೆಯ ಜನಕ್ಕೆ ತುಂಬಾ ಬರುತ್ತದೆ, ಉಳಿದವರಿಗೆ ಒಂದು ಆಸರೆಯಾಗುವಷ್ಟು. ಹೊಸದಾಗಿ ಶುರು ಮಾಡುವವರು ಇದನ್ನು ತಿಳಿದೇ ಶುರು ಮಾಡಲಿ.

ನಾನು ಶುರುವಿನಲ್ಲಿ ಮಾಡಿದ ತಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈಗಲೂ ಅನೇಕರು ಅದನ್ನೇ ಮಾಡುತ್ತಿರುವುದನ್ನು ನೋಡುತ್ತೇನೆ.

ಸದಸ್ಯರಿಗಾಗಿ ಮೂರು ಮೆಟ್ಟಿಲು ಮಾಡಿದ್ದೆ. ಮೊದಲ ಮೆಟ್ಟಿಲಿನವರಿಗೆ ಧನ್ಯವಾದದ ಪುಟದಲ್ಲಿ ಹೆಸರು. ಎರಡನೆಯವರಿಗೆ ಚಿತ್ರಗಳು ಒಂದು ವಾರ ಮುಂಚೆ. ಮೂರನೆಯವರಿಗೆ ಪ್ರತಿ ತಿಂಗಳು ನಾನೇ ಬರೆದ ಒಂದು ಕಾರ್ಡು ಅಂಚೆಯಲ್ಲಿ, ಜೊತೆಗೆ ಒಂದು ಗಂಟೆಯ ವಿಡಿಯೊ ಮಾತುಕತೆ. ಎಲ್ಲರೂ ಹೀಗೇ ಮಾಡುತ್ತಿದ್ದರು. ಸುಮ್ನೆ ಹಣ ಯಾರು ಕೊಡುತ್ತಾರೆ, ಬದಲಿಗೆ ಏನಾದರೂ ಕೊಡಬೇಕಲ್ವಾ ಅಂತ ನಾನೂ ನಂಬಿದ್ದೆ. ಮೂರನೇ ಮೆಟ್ಟಿಲಿಗೆ 31 ಜನ ಬಂದರು. ತುಂಬಾ ಖುಷಿಯಾಯಿತು.

31 ಕಾರ್ಡು ಬರೆಯಲು ಹನ್ನೊಂದು ದಿನ. ವಿಳಾಸ ಬರೆದು, ಲಕೋಟೆಗೆ ಹಾಕಿ, ಅಂಚೆಗೆ ಕೊಟ್ಟು ಬರಲು ಒಂದು ದಿನ. ಸಿಗದ ಕಾರ್ಡುಗಳ ಬಗ್ಗೆ ಪತ್ರ ವ್ಯವಹಾರ. ಮಾತುಕತೆಗೆ ಎಲ್ಲರಿಗೂ ಹೊಂದುವ ಸಮಯ ಹುಡುಕುವುದು. ಕಚೇರಿ ಮುಗಿಸಿ ಉಳಿದ ಹೊತ್ತೆಲ್ಲ ಇದಕ್ಕೇ ಹೋಯಿತು. ಎಂಟು ತಿಂಗಳಾದ ಮೇಲೆ ಹಿಂತಿರುಗಿ ನೋಡಿದರೆ, ಆ ಎಂಟು ತಿಂಗಳಲ್ಲಿ ನಾನು ಒಂದೇ ಒಂದು ಯಂತ್ರವನ್ನೂ ಬಿಚ್ಚಿರಲಿಲ್ಲ. ಯಾವ ಕೆಲಸ ಉಳಿಯಲಿ ಎಂದು ಜನ ಹಣ ಕೊಡುತ್ತಿದ್ದರೋ ಆ ಕೆಲಸವೇ ನಿಂತುಹೋಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಎಲ್ಲ ಸದಸ್ಯರಿಗೂ ಇದ್ದದ್ದನ್ನು ಇದ್ದಹಾಗೆ ಬರೆದೆ. ಬೈಗುಳ ಬರಬಹುದು ಅಂದುಕೊಂಡಿದ್ದೆ. ಮೊದಲು ಬಂದ ಉತ್ತರ ಮೂರನೇ ಮೆಟ್ಟಿಲಿನ ಒಬ್ಬ ನಿವೃತ್ತ ಮೇಷ್ಟರದು. "ಕಾರ್ಡುಗಳು ಚೆನ್ನಾಗಿವೆ. ಆದರೆ ನಾನು ಸೇರಿದ್ದು ಆ ಹೊಲಿಗೆ ಯಂತ್ರ ನೋಡಿ. ಮುಂದಿನ ಯಂತ್ರ ಯಾವಾಗ?" ಎಂದು ಬರೆದಿದ್ದರು. ಅದೇ ವಾರ ಮೆಟ್ಟಿಲುಗಳನ್ನೆಲ್ಲ ತೆಗೆದುಹಾಕಿದೆ. ಈಗ ಒಂದೇ ಮೆಟ್ಟಿಲು, ಎಷ್ಟು ಕೊಡಬೇಕೆನ್ನುವುದು ಅವರಿಗೆ ಬಿಟ್ಟದ್ದು. ಚಿತ್ರಗಳು ಎಲ್ಲರಿಗೂ ಒಂದೇ ದಿನ, ಹಣ ಕೊಡದವರಿಗೂ. ಆ 31 ಜನರಲ್ಲಿ 14 ಜನ ಬಿಟ್ಟರು. 17 ಜನ ಉಳಿದರು. ಆಮೇಲೆ ಗಡಿಯಾರದ ಚಿತ್ರ ಬಂದ ತಿಂಗಳು ಒಟ್ಟಿಗೇ 26 ಜನ ಹೊಸದಾಗಿ ಸೇರಿದರು. ಅವರಿಗೆ ನಾನು ಏನನ್ನೂ ಬದಲಿಗೆ ಕೊಡುತ್ತಿರಲಿಲ್ಲ.

ಇದಕ್ಕೇ ನನಗೆ ನಮ್ಮ 'ಚಂದಾ' ಅನ್ನುವ ಪದ ಇಷ್ಟ. ನೆಂಟರೊಬ್ಬರು ಒಮ್ಮೆ "ಜನರ ದಾನದಲ್ಲಿ ಚಿತ್ರ ಬರೀತೀಯಂತೆ" ಅಂದರು. ನನಗೆ ಬೇಸರವಾಯಿತು. ದಾನ ಕೊಟ್ಟವರು ಕೊಟ್ಟು ಮುಂದೆ ಹೋಗುತ್ತಾರೆ. ಖರೀದಿ ಮಾಡಿದವರು ವಸ್ತು ಸಿಕ್ಕ ಮೇಲೆ ಹೋಗುತ್ತಾರೆ. ಚಂದಾ ಕೊಟ್ಟವರು ಕಾಯುತ್ತಾರೆ. ಪತ್ರಿಕೆಗೆ ಚಂದಾ ಕಟ್ಟುವಾಗ ಮುಂದಿನ ಸಂಚಿಕೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆದರೂ ಕಟ್ಟುತ್ತಾರೆ. ನನ್ನ 212 ಜನ ಮಾಡುತ್ತಿರುವುದು ಅದನ್ನೇ.

ಇನ್ನು ಮಧ್ಯೆ ನಿಂತಿರುವ ತಾಣಗಳ ವಿಷಯ. ಅವು ಪುಕ್ಕಟೆ ಕೆಲಸ ಮಾಡುವುದಿಲ್ಲ, ಮಾಡಬೇಕು ಅಂತ ನಾನೂ ಹೇಳುವುದಿಲ್ಲ. 2025ರ ಆಗಸ್ಟ್‌ನಿಂದ ಹೊಸದಾಗಿ ಪುಟ ತೆರೆಯುವ ಕಲಾವಿದರ ಗಳಿಕೆಯಲ್ಲಿ ಪೇಟ್ರಿಯಾನ್ ಶೇ. 10 ತೆಗೆದುಕೊಳ್ಳುತ್ತದೆ. ಇಮೇಲ್ ಪತ್ರಿಕೆ ನಡೆಸುವವರ ತಾಣ ಸಬ್‌ಸ್ಟ್ಯಾಕ್ ಕೂಡ ಶೇ. 10. ಯೂಟ್ಯೂಬ್ ಮೆಂಬರ್‌ಶಿಪ್‌ನಲ್ಲಿ ಯೂಟ್ಯೂಬಿನ ಪಾಲು ಶೇ. 30. ಲಿಬರಾಪೇ ಅನ್ನುವ ಲಾಭ ಬಯಸದ ತಾಣ ಏನನ್ನೂ ಮುರಿದುಕೊಳ್ಳುವುದಿಲ್ಲ, ತಾನೂ ಜನ ಕೊಟ್ಟದ್ದರಲ್ಲೇ ನಡೆಯುತ್ತದೆ. ಕಾರ್ಡಿನಿಂದ ಹಣ ಎಳೆಯುವ ಖರ್ಚು ಎಲ್ಲ ಕಡೆಯೂ ಬೇರೆ. ಇದರ ಮೇಲೆ ಫೋನಿನ ಕಂಪನಿಯ ಪಾಲು ಬೇರೆ ಬಂತು. ಐಫೋನ್ ಆ್ಯಪಿನ ಒಳಗೆ ಆಪಲ್ ಮೂಲಕ ಕಟ್ಟುವ ಚಂದಾದಲ್ಲಿ ಮೊದಲ ವರ್ಷ ಶೇ. 30ರವರೆಗೆ ಅವರಿಗೆ ಹೋಗಬಹುದು. ಅದಕ್ಕೇ ಸದಸ್ಯರಾಗಲು ಬಯಸುವವರಿಗೆ ನಾನು ಹೇಳುವುದು ಒಂದೇ: ಬ್ರೌಸರಿನಲ್ಲಿ ಸೇರಿ, ಆ್ಯಪಿನಲ್ಲಿ ಬೇಡ.

ಈ ಲೆಕ್ಕಗಳಲ್ಲಿ ಸಣ್ಣ ಮೊತ್ತದವರು ಹೇಗೆ ಸಿಕ್ಕಿಬೀಳುತ್ತಾರೆ ಎನ್ನುವುದಕ್ಕೆ 2017ರ ಡಿಸೆಂಬರ್ ನೆನಪಿಸಿಕೊಳ್ಳಬೇಕು. ಪೇಟ್ರಿಯಾನ್ ಹೊಸ ನಿಯಮ ಪ್ರಕಟಿಸಿತು. ಪ್ರತಿ ಚಂದಾದ ಮೇಲೂ ಶೇ. 2.9 ಮತ್ತು 35 ಸೆಂಟ್‌ಗಳನ್ನು ಕೊಡುವವರೇ ಹೆಚ್ಚುವರಿಯಾಗಿ ಕಟ್ಟಬೇಕು ಎಂದು. ನೂರು ಡಾಲರ್ ಕೊಡುವವರಿಗೆ ಅದು ದೊಡ್ಡದೇನಲ್ಲ. ಒಂದು ಡಾಲರ್ ಕೊಡುವವರಿಗೆ ಒಟ್ಟು ಹತ್ತಿರ ಹತ್ತಿರ 1 ಡಾಲರ್ 38 ಸೆಂಟ್ ಆಗುತ್ತಿತ್ತು. ಹತ್ತು ಜನ ಕಲಾವಿದರಿಗೆ ಒಂದೊಂದು ಡಾಲರ್ ಹಂಚುತ್ತಿದ್ದವರಿಗೆ ಹತ್ತು ಸಲ ಆ ಹೊರೆ. ಜನ ಸಿಟ್ಟಿಗೆದ್ದರು, ಅನೇಕರು ಚಂದಾ ನಿಲ್ಲಿಸಿದರು. ಒಂದು ವಾರದೊಳಗೆ ಕಂಪನಿ ಕ್ಷಮೆ ಕೇಳಿ ನಿಯಮ ಹಿಂತೆಗೆದುಕೊಂಡಿತು. ಒಂದೊಂದು ಡಾಲರ್ ಕೊಡುವವರನ್ನು ಚಿಲ್ಲರೆ ಎಂದು ಬದಿಗಿಟ್ಟರೆ ಈ ಇಡೀ ಏರ್ಪಾಡೇ ನಿಲ್ಲುವುದಿಲ್ಲ. ನನ್ನ ಪಟ್ಟಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಅವರೇ.

ನನಗೂ ಒಂದು ಕಹಿ ಅನುಭವವಾಗಿದೆ. ನಾನು ಆಗ ಇದ್ದ ತಾಣ ಒಂದು ದಿನ ಇದ್ದಕ್ಕಿದ್ದಂತೆ, ಗುರುತಿನ ಪರಿಶೀಲನೆ ಬಾಕಿ ಇದೆ ಎಂದು ನನ್ನ ಹಣವನ್ನು ತಡೆಹಿಡಿಯಿತು. ಐದು ವಾರ. ಬರೆದ ಪ್ರತಿ ಪತ್ರಕ್ಕೂ ಒಂದೇ ಸಿದ್ಧ ಉತ್ತರ. ಅತ್ತ ಸದಸ್ಯರ ಕಾರ್ಡಿನಿಂದ ಹಣ ಹೋಗುತ್ತಲೇ ಇತ್ತು. ಅವರಿಗೆ ಏನಾಗುತ್ತಿದೆ ಎಂದು ತಿಳಿಸೋಣವೆಂದರೆ ಯಾರ ಇಮೇಲೂ ನನ್ನ ಬಳಿ ಇರಲಿಲ್ಲ. ಎಲ್ಲ ಆ ತಾಣದ ಒಳಗೇ ಇತ್ತು. ಹೆಸರು ಗೊತ್ತು, ಕರೆಯಲು ದಾರಿ ಇಲ್ಲ.

ಅವತ್ತಿನಿಂದ ಯಾರು ಸಲಹೆ ಕೇಳಿದರೂ ನಾನು ಕಮಿಷನ್ ಬಗ್ಗೆ ಆಮೇಲೆ ಮಾತಾಡುತ್ತೇನೆ. ಮೊದಲು ಕೇಳುವುದು ಸದಸ್ಯರ ಇಮೇಲ್ ಪಟ್ಟಿ ನಿಮಗೆ ಸಿಗುತ್ತದೆಯೇ ಎಂದು. ಪೇಟ್ರಿಯಾನ್, ಸಬ್‌ಸ್ಟ್ಯಾಕ್‌ಗಳಲ್ಲಿ ಅದನ್ನು ಇಳಿಸಿಕೊಳ್ಳಬಹುದು. ಯೂಟ್ಯೂಬ್ ಮೆಂಬರ್‌ಶಿಪ್‌ನಲ್ಲಿ ಸದಸ್ಯರ ಇಮೇಲ್ ನಿಮಗೆ ಕಾಣಿಸುವುದಿಲ್ಲ. ಶೇ. 5 ಉಳಿಸಲು ಹೋಗಿ ಪಟ್ಟಿಯನ್ನೇ ಕಳೆದುಕೊಳ್ಳುವುದು ಬೇಡ. ನಾನೀಗ ಪ್ರತಿ ತಿಂಗಳು ಪಟ್ಟಿ ಇಳಿಸಿಕೊಂಡು ನನ್ನ ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ನಾನೂ ನಾಲ್ಕು ಜನರಿಗೆ ಚಂದಾ ಕಟ್ಟುತ್ತೇನೆ. ಒಬ್ಬರು ಹಕ್ಕಿಗಳ ದನಿ ಮುದ್ರಿಸುತ್ತಾರೆ. ಹೋದ ವರ್ಷ ಅವರಿಗೆ ಹುಷಾರಿರಲಿಲ್ಲ. ನಾಲ್ಕು ತಿಂಗಳು ಏನೂ ಬರಲಿಲ್ಲ. ಅವರು ತಾವಾಗಿಯೇ ಚಂದಾ ಎಳೆಯುವುದನ್ನು ನಿಲ್ಲಿಸಿಟ್ಟರು. ಆ ಸೌಲಭ್ಯ ಇದೆ, ಬಳಸುವವರು ಕಡಿಮೆ. ಗುಣವಾಗಿ ಬಂದ ಮೇಲೆ ಮೊದಲು ಹಾಕಿದ್ದು ಹನ್ನೆರಡು ನಿಮಿಷದ ಒಂದು ಮುಂಜಾವು, ಆಸ್ಪತ್ರೆಯ ಕಿಟಕಿಯಿಂದ ಕೇಳಿದ್ದು. ಅದನ್ನು ಕೇಳುತ್ತಾ ಕೂತಾಗ, ಚಂದಾ ಕೊಡುವವರಿಗೆ ಏನು ಸಿಗುತ್ತದೆ ಎನ್ನುವ ಪ್ರಶ್ನೆ ನನಗೆ ಮತ್ತೆ ಬರಲಿಲ್ಲ.

ಈ ತಿಂಗಳ ಪಟ್ಟಿಯಲ್ಲಿ ಮೂರು ಕಾರ್ಡುಗಳು ನಡೆದಿಲ್ಲ. ಇಬ್ಬರದು ಅವಧಿ ಮುಗಿದಿದೆ ಅನ್ನಿಸುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ಹೀಗೆ ಗೊತ್ತಿಲ್ಲದೇ ಜಾರಿಹೋಗುವವರು ಎಷ್ಟೋ ಜನ. ಮೂರನೆಯವರು ಆ ಮೇಷ್ಟರು. ಮೂವರಿಗೂ ಎರಡೆರಡು ಸಾಲು ಬರೆದಿದ್ದೇನೆ. ಮೇಷ್ಟರಿಗೆ ಮಾತ್ರ ಹಣದ ಮಾತು ಎತ್ತಲಿಲ್ಲ. ಹೇಗಿದ್ದೀರಿ ಎಂದು ಕೇಳಿ, ಈಗ ಬರೆಯುತ್ತಿರುವ ಬೀಗದ ಒಂದು ಚಿತ್ರ ಕಳಿಸಿದೆ. ಬೀಗದ ಒಳಗೆ ಐದು ಜೋಡಿ ಪಿನ್ನುಗಳಿವೆ. ಸರಿಯಾದ ಕೀಲಿ ಹೋದಾಗ ಐದೂ ಜೋಡಿಗಳ ನಡುವಿನ ಬಿರುಕು ಒಂದೇ ಗೆರೆಗೆ ಬರುತ್ತದೆ, ಆಗ ಮಾತ್ರ ಒಳಗಿನ ಕೊಳವೆ ತಿರುಗುತ್ತದೆ. ಮೂರು ಜೋಡಿ ಬರೆದಾಗಿದೆ. ಇನ್ನೂ ಎರಡು ವಾರ ಬೇಕು ಎಂದು ಎಲ್ಲರಿಗೂ ತಿಳಿಸಿದ್ದೇನೆ.